ಬಿಳಿ ಕುದುರೆಯ ಬಾಲ, ಜೂಲು ಹಳದಿಯಾಗಿದೆಯೇ? ಕಾರಣ ಹುಡುಕಿ, ಆಮೇಲೆ ತೊಳೆಯಿರಿ

ದಸರಾ ಹತ್ತಿರ ಬಂದಾಗ, ಇಲ್ಲವೇ ಮದುವೆ ಸೀಸನ್ ಶುರುವಾದಾಗ ಬಿಳಿ ಕುದುರೆ ಸಾಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಬಾಲ ಬೆಳ್ಳಗಾಗೋಕೆ ಏನು ಹಾಕಬೇಕು?" ಮೈಸೂರಿನಲ್ಲಿ ಸಾರೋಟು, ಟಾಂಗಾ ಓಡಿಸುವವರು ಕೇಳುತ್ತಾರೆ. ಮೆರವಣಿಗೆಗೆ ನುಕ್ರಾ, ಅಂದರೆ ಹುಟ್ಟಾ ಬಿಳಿ ಕುದುರೆ ಬಾಡಿಗೆ ಕೊಡುವವರು ಕೇಳುತ್ತಾರೆ. ಬೆಂಗಳೂರಿನ ಹೊರಗೆ ಸವಾರಿ ಕಲಿಯೋಕೆ ಒಂದು ಕುದುರೆ ಇಟ್ಟುಕೊಂಡವರೂ ಕೇಳುತ್ತಾರೆ. ಏನು ಹಾಕಬೇಕು ಅನ್ನೋದನ್ನು ಕೊನೆಯಲ್ಲಿ ನೋಡೋಣ. ಕಲೆ ಬಂದಿದ್ದು ಎಲ್ಲಿಂದ ಅಂತ ಮೊದಲು ತಿಳಿಯಬೇಕು. ಉಚ್ಚೆಯ ಕಲೆಗೂ ಬೋರ್‌ವೆಲ್ ನೀರಿನ ಕಬ್ಬಿಣದ ಕಲೆಗೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗಿ ಕೂರಬಹುದು. ಕೆಲವು ಸಲ ಬಾಲದ ಕಲೆ ಹೊಟ್ಟೆ ಕೆಟ್ಟಿರುವುದರ ಸುಳಿವೂ ಆಗಿರಬಹುದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಬಿಳಿ ಅಂತ ಕರೆಯುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟಿದಾಗ ಬಿಳಿ ಇರುವುದಿಲ್ಲ. ಕಪ್ಪಗೋ ಕಂದಾಗಿಯೋ ಹುಟ್ಟಿ, ವರ್ಷ ಕಳೆದಂತೆ ನರೆಯುತ್ತಾ ಬರುತ್ತವೆ. ಇವಕ್ಕೆ ಮೂಗಿನ ಮೇಲೆ, ಕಣ್ಣಿನ ಸುತ್ತ, ಬಾಲದ ಅಡಿಯಲ್ಲಿ ಚರ್ಮ ಕಪ್ಪಗಿರುತ್ತದೆ. ಹುಟ್ಟಿನಿಂದಲೇ ಬಿಳಿಯಾಗಿದ್ದು ಗುಲಾಬಿ ಚರ್ಮ ಇರುವ ಕುದುರೆಗಳು ಕಡಿಮೆ. ನುಕ್ರಾ ಎಂದು ಮಾರುವವರು ಹುಡುಕುವುದು ಇವನ್ನೇ. ನಿಮ್ಮ ಕುದುರೆ ಯಾವ ಜಾತಿಯದು ಅಂತ ಈಗಲೇ ಮೂಗು ನೋಡಿ ತಿಳಿದುಕೊಳ್ಳಿ. ಗುಲಾಬಿ ಚರ್ಮಕ್ಕೆ ಬಿಸಿಲೂ ಬೇಗ ತಾಗುತ್ತದೆ, ಕಡಕ್ ಸೋಪೂ ಬೇಗ ತಾಗುತ್ತದೆ.

ಬಾಲಕ್ಕೆ ಕೈ ಹಾಕುವ ಮುಂಚೆ

ಕುದುರೆಯ ನೇರ ಹಿಂದೆ ನಿಂತು ಬಾಲ ತೊಳೆಯಬೇಡಿ. ಪಕ್ಕದಲ್ಲಿ, ಅದರ ತೊಡೆಗೆ ನಿಮ್ಮ ಭುಜ ತಾಗುವಷ್ಟು ಹತ್ತಿರ ನಿಂತು ಬಾಲವನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ. ಸ್ವಲ್ಪ ದೂರ ನಿಲ್ಲುವುದು ಸೇಫ್ ಅಂತ ಅನಿಸುತ್ತದೆ, ಆದರೆ ಒದೆ ಪೂರ್ತಿ ಜೋರಿನಲ್ಲಿ ಬೀಳುವುದು ಆ ದೂರದಲ್ಲೇ. ಕಟ್ಟಿದ ಹಗ್ಗ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ತಲೆ ಹತ್ತಿರ ಅದಕ್ಕೆ ಪರಿಚಯ ಇರುವ ಒಬ್ಬರು ನಿಂತರೆ ಇನ್ನೂ ಒಳ್ಳೆಯದು. ಸೋಪು ನೀರು ಬಿದ್ದ ನುಣುಪು ಸಿಮೆಂಟಿನ ಮೇಲೆ ಲಾಳ ಜಾರುತ್ತದೆ. ಒರಟು ನೆಲದಲ್ಲೋ ರಬ್ಬರ್ ಮ್ಯಾಟ್ ಮೇಲೋ ನಿಲ್ಲಿಸಿ.

ಕೂದಲು ಒಣಗಿದ್ದಾಗ ಬೆರಳಲ್ಲಿ ಸಿಕ್ಕು ಬಿಡಿಸಿ, ಆಮೇಲೆ ಒದ್ದೆ ಮಾಡಿ. ಬಾಚುವುದಾದರೆ ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಬಾಲದ ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 2 ಸೆಂಟಿಮೀಟರ್ ಅಷ್ಟೇ. ಒಂದು ದಿನ ಅವಸರದಲ್ಲಿ ಕಿತ್ತ ಕೂದಲು ವಾಪಸ್ ಮೊಣಕಾಲುದ್ದ ಬರೋಕೆ ಎರಡು ಮೂರು ವರ್ಷ ಹಿಡಿಯುತ್ತದೆ.

ಎರಡು ಪರೀಕ್ಷೆ, ಖರ್ಚಿಲ್ಲದ್ದು

ಹಳೆ ಬಿಳಿ ಬನಿಯನ್ ತುಂಡೊಂದನ್ನು ಒದ್ದೆ ಮಾಡಿ ಹಿಂಡಿ. ಬಾಲದ ಒಂದು ಹಿಡಿ ಕೂದಲನ್ನು ಅದರಲ್ಲಿ ಸುತ್ತಿ ಮೇಲಿಂದ ಕೆಳಕ್ಕೆ ಗಟ್ಟಿಯಾಗಿ ಎಳೆಯಿರಿ. ಬಟ್ಟೆ ಬಿಡಿಸಿ ನೋಡಿ. ಹಸಿರು ಮಿಶ್ರಿತ ಕಂದು ಬಂದರೆ ಲದ್ದಿ. ಇಟ್ಟಿಗೆ ಬಣ್ಣ ಬಂದರೆ ಕೆಮ್ಮಣ್ಣು. ಕಪ್ಪಗೆ ಅಂಟಂಟು ಬಂದರೆ ಎಣ್ಣೆ, ಧೂಳು. ಬಟ್ಟೆಗೆ ಏನೂ ಹತ್ತದೆ ಕೂದಲು ಮಾತ್ರ ಹಳದಿಯಾಗಿಯೇ ಉಳಿದರೆ ಕಲೆ ಕೂದಲಿನ ಒಳಗೆ ಇಳಿದಿದೆ ಎಂದರ್ಥ.

ಎರಡನೆಯದು ಉದುರಿದ ಕೂದಲಿನ ಪರೀಕ್ಷೆ. ಬಾಚಣಿಗೆಯಲ್ಲಿ ಬಂದ ಕೂದಲನ್ನು ಎಸೆಯಬೇಡಿ. ನಾಲ್ಕು ಪುಟ್ಟ ಕಟ್ಟು ಮಾಡಿ ದಾರ ಕಟ್ಟಿ. ನಾಲ್ಕು ಲೋಟ ತೆಗೆದುಕೊಂಡು ಒಂದರಲ್ಲಿ ಬರೀ ನೀರು, ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ನೀರು ಬೆರೆಸಿದ ಬಿಳಿ ವಿನೆಗರ್, ಇನ್ನೊಂದರಲ್ಲಿ ನೇರಳೆ ಶಾಂಪೂ (ಹಳದಿಯನ್ನು ಮುಚ್ಚೋಕೆ ಹಾಕುವ ನೇರಳೆ ಬಣ್ಣದ ಶಾಂಪೂ) ಹಾಕಿ. ನೇರಳೆಯಲ್ಲಿ ಮೂರು ನಿಮಿಷ, ಉಳಿದದ್ದರಲ್ಲಿ ಅರ್ಧ ಗಂಟೆ ಇರಲಿ. ಆಮೇಲೆ ತೊಳೆದು ನೆರಳಲ್ಲಿ ಒಣಗಿಸಿ, ಬಿಳಿ ಹಾಳೆಯ ಮೇಲೆ ಸಾಲಾಗಿ ಇಡಿ. ಒದ್ದೆ ಕೂದಲು ನೋಡಿ ತೀರ್ಮಾನ ಮಾಡಬೇಡಿ, ಒದ್ದೆ ಇದ್ದಾಗ ಎಲ್ಲವೂ ಹಳದಿಯಾಗಿಯೇ ಕಾಣುತ್ತದೆ. ಶಾಂಪೂ ಕಟ್ಟು ಬೆಳ್ಳಗಾಗಿದ್ದರೆ ನಿಮಗೆ ಬೇಕಿರುವುದು ಸರಿಯಾದ ಸ್ನಾನ ಅಷ್ಟೇ. ವಿನೆಗರ್ ಕಟ್ಟು ಗೆದ್ದರೆ ನೀರಿನ ಮೇಲೆ ಅನುಮಾನ ಪಡಿ. ನೇರಳೆ ಕಟ್ಟೊಂದೇ ಬೆಳ್ಳಗೆ ಕಂಡರೆ ಅದು ಬಿಸಿಲಿಗೆ ತಿರುಗಿದ, ತೊಳೆದರೆ ಹೋಗದ ಹಳದಿ.

ಲಕ್ಷಣ: ಇಡೀ ಬಾಲ, ಜೂಲು ಮಂಕು, ಬೂದು ಬಣ್ಣ, ಕೈಗೆ ಅಂಟು

ಹೆಚ್ಚಿನ ದೂರು ಇದೇ ಇರುತ್ತದೆ. ಕಾರಣವೂ ಸಾಮಾನ್ಯದ್ದೇ, ಎಣ್ಣೆ. ಬಾಲ ಸಿಕ್ಕಾಗಬಾರದು ಅಂತ ದಿನಾ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಜಾಸ್ತಿ. ಕಪ್ಪು ಕುದುರೆಗೆ ಅದು ಹೊಳಪು ಕೊಡುತ್ತದೆ. ಬಿಳಿ ಬಾಲಕ್ಕೆ ಹಚ್ಚಿದರೆ ಬೀದಿಯ ಧೂಳೆಲ್ಲ ಅದರಲ್ಲೇ. ಒಂದೆರಡು ವಾರ ಎಣ್ಣೆ ನಿಲ್ಲಿಸಿ, ಎರಡು ಸಲ ಶಾಂಪೂ ಹಾಕಿ ತೊಳೆದು ನೋಡಿ. ಬೇರೇನೂ ಬೇಕಾಗದೇ ಇರಬಹುದು.

ಎಣ್ಣೆ ಹಚ್ಚುವ ಅಭ್ಯಾಸವೇ ಇಲ್ಲ ಎಂದರೆ ಸೋಪು ಪೂರ್ತಿ ಹೋಗಿಲ್ಲ ಅಂತ ಲೆಕ್ಕ. ಇಲ್ಲಿ ನೀರಿನ ಗಡಸುತನ ಆಟ ಆಡುತ್ತದೆ. ಒಂದು ಖಾಲಿ ಬಾಟಲಿಯಲ್ಲಿ ಅರ್ಧ ನಿಮ್ಮ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಅರ್ಧ ಮಳೆನೀರು ಅಥವಾ ನಲ್ಲಿ ನೀರು ತುಂಬಿ. ಎರಡಕ್ಕೂ ಮೈ ಸೋಪಿನ ಚೂರು ಹಾಕಿ ಅಲ್ಲಾಡಿಸಿ. ಒಂದರಲ್ಲಿ ನೊರೆ ಎದ್ದು, ಇನ್ನೊಂದರಲ್ಲಿ ಮೊಸರು ಒಡೆದ ಹಾಗೆ ಚೂರು ಚೂರು ತೇಲಿದರೆ ಆ ನೀರು ಗಡಸು. ಅದೇ ಚೂರು ಕೂದಲಿಗೂ ಮೆತ್ತಿಕೊಂಡು ಬೂದು ಬಣ್ಣ ಕೊಡುತ್ತದೆ. ಗಡಸು ನೀರಿಗೆ ಬಾರ್ ಸೋಪು ಬಳಸಲೇಬೇಡಿ, ಶಾಂಪೂ ಬಳಸಿ. ಕೊನೆಯ ಎರಡು ಬಕೆಟ್ಟಾದರೂ ಮೆದು ನೀರಿನದ್ದಾಗಿರಲಿ. ಮೈಸೂರಿನಲ್ಲಿ ಕಾವೇರಿ, ಕಬಿನಿ ನೀರು ಬರುವ ನಲ್ಲಿ ಹತ್ತಿರ ಇದ್ದರೆ ಅಷ್ಟನ್ನು ಹೊತ್ತು ತರುವುದು ಯಾವ ದುಬಾರಿ ಬಾಟಲಿಗಿಂತಲೂ ಲಾಭ.

ಸೀಗೆಕಾಯಿ, ಅಂಟುವಾಳ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು. ಆದರೆ ಸೀಗೆಪುಡಿ ಬಾಲದ ದಟ್ಟ ಕೂದಲಲ್ಲಿ ಸಿಕ್ಕಿಕೊಂಡರೆ ತೊಳೆದು ಮುಗಿಯುವುದಿಲ್ಲ, ಬಿಳಿ ಮೇಲೆ ಕಂದು ಛಾಯೆಯೂ ಉಳಿಯುತ್ತದೆ. ಬಿಳಿ ಕುದುರೆಗೆ ಅಂಟುವಾಳ ನೆನೆಸಿ ಸೋಸಿದ ನೀರೇ ವಾಸಿ. ಜೂಲು ತೊಳೆಯುವಾಗ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಭಾರಿ ಉರಿ.

ಲಕ್ಷಣ: ಬಾಲದ ಕೆಳಗಿನ ಅರ್ಧ ಹಳದಿ, ಹತ್ತಿರ ಹೋದರೆ ಘಾಟು

ಉಚ್ಚೆಯ ಕಲೆ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ಮಲಗಿದಾಗ ಬಾಲ ಒದ್ದೆ ಹಾಸಿನ ಮೇಲೆ ಹರಡಿಕೊಂಡಿರುತ್ತದೆ. ಕುದುರೆಯ ಮೂತ್ರ ಮೊದಲೇ ಮಂದ, ಸುಣ್ಣದ ಅಂಶ ಇರುವುದರಿಂದ ಮೋಡ ಮೋಡ. ಹಾಸಿನಲ್ಲಿ ನಿಂತು ಗಾಳಿಗೆ ತೆರೆದುಕೊಂಡ ಮೇಲೆ ಕೆಲವು ಸಲ ಕೆಂಪು ಮಿಶ್ರಿತ ಕಂದು ಬಣ್ಣಕ್ಕೂ ತಿರುಗುತ್ತದೆ. ಹಾಸಿನ ಮೇಲೆ ಆ ಬಣ್ಣ ಕಂಡು ರಕ್ತ ಅಂತ ಹೆದರಬೇಡಿ. ಬೀಳುವಾಗಲೇ ಯಾವ ಬಣ್ಣ ಇದೆ ಅನ್ನುವುದನ್ನು ನೋಡಬೇಕು.

ತೊಳೆಯುವ ಮುಂಚೆ ಲಾಯ ನೋಡಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ನೆಲಕ್ಕೆ ಒಂದು ಮೊಳ ಎತ್ತರದಲ್ಲಿ ಮೂಸಿ. ಮಲಗಿದ ಕುದುರೆಯ ಮೂಗು ಇರುವುದು ಅಲ್ಲೇ. ಕಣ್ಣು ಉರಿದರೆ ಉಚ್ಚೆಯಿಂದ ಏಳುವ ಅಮೋನಿಯಾ ಅನಿಲ ಜಾಸ್ತಿ ಇದೆ. ಬಾಲಕ್ಕೆ ಆಗುತ್ತಿರುವ ಹಾನಿಗಿಂತ ಶ್ವಾಸಕೋಶಕ್ಕೆ ಆಗುತ್ತಿರುವುದು ದೊಡ್ಡದು. ಒದ್ದೆ ಹುಲ್ಲನ್ನು ದಿನಾ ತೆಗೆದು, ನೆಲ ಒಣಗಿಸಿ, ಹೊಸ ಹಾಸು ಹಾಕಿ. ನೆಲ ಚರಂಡಿಯತ್ತ ಸ್ವಲ್ಪ ಇಳಿಜಾರಾಗಿದೆಯೇ, ಅಥವಾ ಮಧ್ಯೆ ಗುಂಡಿ ಬಿದ್ದು ಅಲ್ಲೇ ನಿಲ್ಲುತ್ತಿದೆಯೇ ಅಂತ ಒಂದು ಬಕೆಟ್ ನೀರು ಸುರಿದು ನೋಡಿ.

ಸಾಮಿಲ್‌ನಿಂದ ತಂದ ಮರದ ಹೊಟ್ಟು ಹಾಸುತ್ತಿದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಒಂದು ಹಿಡಿ ಹೊಟ್ಟನ್ನು ಗಾಜಿನ ಲೋಟದ ನೀರಲ್ಲಿ ರಾತ್ರಿಯಿಡೀ ನೆನೆಸಿ. ಹೊನ್ನೆಯಂಥ ಮರದ ಹೊಟ್ಟು ಬೆರೆತಿದ್ದರೆ ನೀರೇ ಬಣ್ಣ ತಿರುಗುತ್ತದೆ. ಒದ್ದೆಯಾದಾಗ ಅದೇ ಬಣ್ಣ ಬಾಲಕ್ಕೂ ಹತ್ತುತ್ತದೆ.

ಇನ್ನು ತೊಳೆಯುವುದು. ಬೆಳಗ್ಗೆ ಹತ್ತರ ಹೊತ್ತಿಗೆ, ಬಿಸಿಲಿರುವ ದಿನ ನೋಡಿ. ಉಗುರು ಬೆಚ್ಚಗಿನ ನೀರಿರುವ ಬಕೆಟ್ ಅನ್ನು ಪಕ್ಕದಿಂದ ಎತ್ತಿ ಹಿಡಿದು ಬಾಲದ ಕೆಳಭಾಗವನ್ನು ಅದರಲ್ಲಿ ಅದ್ದಿ, ಹತ್ತು ಸಲ ಮೇಲೆ ಕೆಳಗೆ ಆಡಿಸಿ. ಮೊದಲ ಬಕೆಟ್ ನೀರು ಚಹಾ ಬಣ್ಣಕ್ಕೆ ಬರುತ್ತದೆ, ಚೆಲ್ಲಿ. ಬಣ್ಣ ಬರುವುದು ಕಡಿಮೆಯಾಗುವ ತನಕ ಬರೀ ನೀರು. ಶಾಂಪೂವನ್ನು ನೇರ ಕೂದಲಿಗೆ ಸುರಿಯದೆ ನೀರಲ್ಲಿ ಕರಗಿಸಿ ಹಾಕಿ. ಬಟ್ಟೆ ಉಜ್ಜಿದಂತೆ ಉಜ್ಜಬೇಡಿ, ಎರಡು ಅಂಗೈ ನಡುವೆ ಹಿಂಡುತ್ತಾ ಕೆಳಕ್ಕೆ ಬನ್ನಿ. ಐದು ನಿಮಿಷ ಬಿಟ್ಟು ತೊಳೆದು, ಇನ್ನೊಂದು ಸಲ ಅದನ್ನೇ ಮಾಡಿ. ಮೇಲೆ, ಮೂಳೆ ಇರುವ ಬುಡದ ಭಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿ, ಸೋಪು ಚರ್ಮದಲ್ಲಿ ಉಳಿಯದಂತೆ ಜಾಸ್ತಿ ನೀರು ಹಾಕಿ. ಅಲ್ಲಿ ಸೋಪು ಉಳಿದರೆ ನಾಳೆ ಕುದುರೆ ಗೋಡೆಗೆ ಉಜ್ಜಿಕೊಳ್ಳುತ್ತದೆ. ಕೊನೆಗೆ ಕಂಡೀಷನರ್ ಕೂದಲಿಗೆ ಮಾತ್ರ.

ಕಲೆ ಹಳೆಯದಾಗಿದ್ದರೆ ಒಂದೇ ದಿನಕ್ಕೆ ಹೋಗುವುದಿಲ್ಲ. ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ವಾರ ಮಾಡಿ. ದಿನಾ ತೊಳೆದರೆ ಕೂದಲು ಒಣಗಿ ಬಿರುಸಾಗುತ್ತದೆ, ಬಿರುಸು ಕೂದಲು ಕಲೆಯನ್ನು ಇನ್ನೂ ಬೇಗ ಹೀರುತ್ತದೆ.

ಹಾಸು ಚೆನ್ನಾಗಿದ್ದೂ ಹೆಣ್ಣು ಕುದುರೆಯ ಬಾಲ, ತೊಡೆ ಯಾವಾಗಲೂ ಒದ್ದೆ ಇದ್ದರೆ ಮೂತ್ರ ತೊಟ್ಟಿಕ್ಕುತ್ತಿದೆಯೇ ನೋಡಿ. ಪದೇ ಪದೇ ಕಾಲಗಲಿಸಿ ನಿಂತು ತಿಣುಕಿ ಸ್ವಲ್ಪವೇ ಹೊಯ್ದರೂ ಪಶುವೈದ್ಯರಿಗೆ ತೋರಿಸಿ. ಮೂತ್ರ ಬೀಳುವಾಗಲೇ ಕಾಫಿ ಡಿಕಾಕ್ಷನ್ ಬಣ್ಣವಿದ್ದು, ಕೆಲಸ ಮಾಡಿ ಬಂದ ಕುದುರೆಯ ಹಿಂಭಾಗದ ಸ್ನಾಯು ಕಲ್ಲಿನಂತೆ ಬಿಗಿದು ಹೆಜ್ಜೆ ಇಡಲು ಒಲ್ಲೆ ಎಂದರೆ ಅದು ತುರ್ತು ಸ್ಥಿತಿ. ನಡೆಸಬೇಡಿ. ನಿಂತಲ್ಲೇ ನಿಲ್ಲಿಸಿ ಡಾಕ್ಟರನ್ನು ಕರೆಸಿ. ಬಾಲದ ವಿಷಯ ಆಮೇಲೆ.

ಲಕ್ಷಣ: ತುಕ್ಕಿನ ಬಣ್ಣ, ಕಿತ್ತಳೆ, ಕೆಂಪು

ಇಲ್ಲಿ ನಾಲ್ಕು ಕಳ್ಳರಿದ್ದಾರೆ: ಕೆಮ್ಮಣ್ಣು, ಬೋರ್‌ವೆಲ್ ಕಬ್ಬಿಣ, ಅರಿಶಿನ, ಮೆಹಂದಿ.

ಕೆಮ್ಮಣ್ಣು ಒಣಗಿದ ಮೇಲೆ ಅರ್ಧ ಉದುರುತ್ತದೆ. ಒದ್ದೆ ಮಣ್ಣಿನ ಬಾಲವನ್ನು ಉಜ್ಜಿ ಮಣ್ಣನ್ನು ಒಳಗೆ ತಳ್ಳುವ ಬದಲು ಒಣಗೋಕೆ ಬಿಡಿ, ಕೊಡವಿ, ಬ್ರಷ್ ಹಾಕಿ, ಆಮೇಲೆ ತೊಳೆಯಿರಿ.

ತೊಳೆದಷ್ಟೂ ಕೆಂಪು ಹೆಚ್ಚುತ್ತಿದೆ ಎಂದರೆ ನೀರೇ ಕಾರಣ. ಬೋರ್‌ನಿಂದ ಆಗಷ್ಟೇ ಬಂದ ನೀರನ್ನು ಬಿಳಿ ಬಕೆಟ್‌ನಲ್ಲಿ ರಾತ್ರಿ ಇಡಿ. ಬಂದಾಗ ತಿಳಿಯಾಗಿದ್ದ ನೀರು ಬೆಳಗ್ಗೆ ಹಳದಿಯಾಗಿ, ತಳದಲ್ಲಿ ಕಿತ್ತಳೆ ಬಣ್ಣದ ಪುಡಿ ಕೂತಿದ್ದರೆ ಅದು ಕಬ್ಬಿಣ. ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುತ್ತದೆ. ಕೂದಲ ಮೇಲೂ ನಡೆಯುವುದು ಇದೇ. ಆ ಬಕೆಟ್ ಪರೀಕ್ಷೆಯೇ ಅಗ್ಗದ ಪರಿಹಾರವೂ ಹೌದು. ಡ್ರಮ್‌ನಲ್ಲಿ ನೀರು ಒಂದು ದಿನ ನಿಲ್ಲಿಸಿ, ತಳ ಕಲಕದೆ ಮೇಲಿನ ನೀರಷ್ಟೇ ತೆಗೆದು ಬಳಸಿ. ಕೂತಿರುವ ಕಲೆಗೆ ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಿ, ಬಾಲದ ಕೂದಲನ್ನು ಐದು ನಿಮಿಷ ಅದ್ದಿ, ಚೆನ್ನಾಗಿ ತೊಳೆದುಬಿಡಿ. ಗಾಯ ಇರುವ ಕಡೆ, ಗುದದ ಹತ್ತಿರ ತಾಗಿಸಬೇಡಿ. ಕಬ್ಬಿಣದ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಾಢವಾಗಿ ಗಟ್ಟಿಯಾಗುತ್ತದೆ. ಬಿಳಿ ಬಟ್ಟೆಯ ತುಕ್ಕಿನ ಕಲೆಗೆ ಬ್ಲೀಚ್ ಹಾಕಿ ನೋಡಿದವರಿಗೆ ಇದು ಗೊತ್ತಿರುತ್ತದೆ.

ಆಯುಧಪೂಜೆ ಮುಗಿದ ಮರುದಿನದ ಕಲೆಯ ಕಥೆ ಬೇರೆ. ಪೂಜೆಯಲ್ಲಿ ಹಚ್ಚಿದ ಅರಿಶಿನ ಜೂಲಿಗೆ ಇಳಿದಿರುತ್ತದೆ. ಸೋಪು ಹಾಕಿದ ಕೂಡಲೇ ಅದು ಕೆಂಪಾಗುತ್ತದೆ, ಸಾಕಿದವರು ಗಾಬರಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮದ ಬಣ್ಣ ಬರುವುದಿಲ್ಲವೇ, ಅದೇ ಕ್ರಿಯೆ. ಬಾರ್ ಸೋಪಿನ ಕ್ಷಾರ ಸುಣ್ಣದ ಕೆಲಸ ಮಾಡಿದೆ ಅಷ್ಟೇ. ನೀರಿನಿಂದ ಸೋಪು ಪೂರ್ತಿ ಹೋದ ಮೇಲೆ ಮತ್ತೆ ಹಳದಿಗೆ ಬರುತ್ತದೆ. ಮೆದು ಶಾಂಪೂ ಹಾಕಿ ತೊಳೆದು ಬೆಳಗಿನ ಬಿಸಿಲಲ್ಲಿ ಕುದುರೆಯನ್ನು ಸ್ವಲ್ಪ ಹೊತ್ತು ಓಡಾಡಿಸಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಕೆಲವು ದಿನದಲ್ಲಿ ತಾನಾಗಿ ಮಾಸುತ್ತದೆ.

ಮೆಹಂದಿ ಹಾಗಲ್ಲ. ಅದು ಕೂದಲಿನ ಪ್ರೋಟೀನಿಗೇ ಕಟ್ಟಿಕೊಳ್ಳುತ್ತದೆ. ಮದುವೆ ಕುದುರೆಗೆ ಬಾಲಕ್ಕೆ ಮೆಹಂದಿ ಹಾಕಿಸಿ ಆಮೇಲೆ ಬೆಳ್ಳಗೆ ಬೇಕು ಎಂದರೆ ದಾರಿ ಎರಡೇ: ಬೆಳೆಯುವ ತನಕ ಕಾಯಿರಿ, ಇಲ್ಲ ತುದಿ ಕತ್ತರಿಸಿ. ಕಪ್ಪು ಬರಲಿ ಅಂತ ಕೂದಲ ಡೈ ಬೆರೆಸಿದ ಮೆಹಂದಿಯನ್ನು ಕುದುರೆಗೆ ಹಾಕಲೇಬೇಡಿ. ಚರ್ಮ ಬೊಬ್ಬೆ ಎದ್ದೀತು.

ಲಕ್ಷಣ: ಬಾಲದ ಬುಡದಲ್ಲೇ, ಗುದದ ಸುತ್ತ ಮಾತ್ರ ಕೊಳೆ

ಇಲ್ಲಿ ಶಾಂಪೂ ಕೆಳಗಿಡಿ. ಬುಡದ ಕಲೆ ದೇಹದ ಒಳಗಿನ ಸುದ್ದಿ ಹೇಳುತ್ತಿರಬಹುದು.

ಹಸಿರು ಕಲೆ, ಲದ್ದಿ ತೆಳು: ಮೊದಲ ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಒಂದೆರಡು ದಿನ ಹೀಗಾಗುವುದುಂಟು. ಕುದುರೆ ಚುರುಕಾಗಿ ತಿನ್ನುತ್ತಿದ್ದರೆ ಹಸಿ ಹುಲ್ಲು ಕಡಿಮೆ ಮಾಡಿ, ಒಣ ಹುಲ್ಲು ಜಾಸ್ತಿ ಮಾಡಿ ನೋಡಿ. ಲದ್ದಿ ನೀರಿನಂತೆ ಹೋಗುತ್ತಿದ್ದರೆ, ಮೇವು ಬಿಟ್ಟಿದ್ದರೆ, ಮಂಕಾಗಿ ನಿಂತಿದ್ದರೆ ಜ್ವರ ನೋಡಿ. ದೊಡ್ಡ ಕುದುರೆಯ ಸಹಜ ಉಷ್ಣತೆ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲಿದ್ದರೆ ಅದೇ ದಿನ ಡಾಕ್ಟರ್ ಬೇಕು. ಬೇರೆ ಕುದುರೆಗಳಿಂದ ದೂರ ಕಟ್ಟಿ, ನಿಮ್ಮ ಕೈಯನ್ನೂ ಸೋಪು ಹಾಕಿ ತೊಳೆದುಕೊಳ್ಳಿ.

ಗುದದ ಸುತ್ತ ಬೂದು ಹಳದಿ ಬಣ್ಣದ ಒಣ ಲೇಪ, ಜೊತೆಗೆ ಬಾಲದ ಬುಡವನ್ನು ಕಂಬಕ್ಕೆ ತಿಕ್ಕುವುದು: ಪಿನ್‌ವರ್ಮ್ ಎಂಬ ಹುಳು ಹೊರಗೆ ಬಂದು ಅಲ್ಲಿ ಮೊಟ್ಟೆ ಇಡುತ್ತದೆ. ಆ ಲೇಪ ಮೊಟ್ಟೆಗಳದ್ದೇ. ಪಾರದರ್ಶಕ ಟೇಪನ್ನು ಅಲ್ಲಿಗೆ ಅಂಟಿಸಿ ತೆಗೆದು ಡಾಕ್ಟರಿಗೆ ಕೊಟ್ಟರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಜಂತು ಔಷಧಿಯನ್ನು ಅಂದಾಜಿನಲ್ಲಿ ಕುಡಿಸಬೇಡಿ. ಡೋಸು ತೂಕದ ಮೇಲೆ ಹೋಗುತ್ತದೆ, ಎಲ್ಲ ಔಷಧಿಗೂ ಈ ಹುಳು ಬಗ್ಗುವುದೂ ಇಲ್ಲ.

ಹೆಣ್ಣು ಕುದುರೆಯ ಯೋನಿಯಿಂದ ಕೀವಿನಂಥದ್ದು ಬಂದು ಬಾಲದಲ್ಲಿ ಒಣಗಿ ಗಟ್ಟಿಯಾಗಿದ್ದರೆ, ಅದರಲ್ಲೂ ಮರಿ ಹಾಕಿದ ಮೇಲೆ, ತಡ ಮಾಡಬೇಡಿ. ತೊಳೆಯುವ ಮುಂಚೆ ಡಾಕ್ಟರ್ ಒಮ್ಮೆ ನೋಡಿದರೆ ಅವರಿಗೂ ಸುಲಭ.

ಕರ್ನಾಟಕದಲ್ಲಿ ಪಶು ಸಂಜೀವಿನಿ ಸಹಾಯವಾಣಿ 1962. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇದೆ.

ಲಕ್ಷಣ: ಬಾಲ ಎತ್ತಿದಾಗ ಅಡಿಯಲ್ಲಿ ಕಪ್ಪು ಗಂಟು

ಇದಕ್ಕೂ ಕಲೆಗೂ ಸಂಬಂಧವಿಲ್ಲ, ಆದರೆ ಬಾಲ ತೊಳೆಯುವವರ ಕೈಗೇ ಇದು ಮೊದಲು ಸಿಗುವುದು. ನರೆತು ಬಿಳಿಯಾದ ಕುದುರೆಗಳಿಗೆ ವಯಸ್ಸಾದಂತೆ ಮೆಲನೋಮಾ ಎಂಬ ಗಂಟು ಬರುವುದು ತೀರಾ ಸಾಮಾನ್ಯ. 15 ವರ್ಷ ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಒಂದಾದರೂ ಇರುತ್ತದೆ. ಬಾಲದ ಅಡಿ, ಗುದದ ಸುತ್ತ ಜಾಸ್ತಿ. ತುಟಿಯಲ್ಲೂ ಕೆನ್ನೆಯ ಹಿಂದೆಯೂ ಬರಬಹುದು. ಗೋಲಿಯಷ್ಟು, ಗಟ್ಟಿ, ಮೇಲೆ ನುಣುಪು, ಮುಟ್ಟಿದರೆ ನೋವಿಲ್ಲ. ಪ್ರತಿ ಸಲ ತೊಳೆಯುವಾಗ ಬಾಲದ ಮೂಳೆಯ ಅಡಿಭಾಗವನ್ನು ಬೆರಳಲ್ಲಿ ಸವರಿ ನೋಡಿ. ಗಂಟು ಸಿಕ್ಕರೆ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಫೋಟೋ ತೆಗೆದು ಡಾಕ್ಟರಿಗೆ ತೋರಿಸಿ. ಬೆಳೆಯುತ್ತಿದ್ದರೆ, ಒಡೆದು ಕಪ್ಪು ರಸ ಬಂದರೆ, ಲದ್ದಿ ಹಾಕಲು ತ್ರಾಸ ಪಟ್ಟರೆ ಕಾಯಬೇಡಿ. ಹಿಸುಕುವುದು, ದಾರ ಕಟ್ಟುವುದು, ಸುಡುವುದು ಬೇಡ.

ಲಕ್ಷಣ: ತುದಿ ಮಾತ್ರ ಹಳದಿ, ಏನು ತೊಳೆದರೂ ಅಷ್ಟೇ

ಬಾಲದ ತುದಿಯ ಕೂದಲಿಗೆ ವಯಸ್ಸಾಗಿದೆ. ವರ್ಷಗಟ್ಟಲೆ ಬಿಸಿಲು ಕಂಡಿದೆ. ಬಿಸಿಲಿಗೆ ಕೂದಲಿನ ಪ್ರೋಟೀನೇ ಹಳದಿ ತಿರುಗುತ್ತದೆ. ಇದು ಕೊಳೆಯಲ್ಲ, ಹಾಗಾಗಿ ತೊಳೆದರೆ ಹೋಗುವುದಿಲ್ಲ. ಮೊದಲ ಪರಿಹಾರ ಕತ್ತರಿ. ನೆಲಕ್ಕೆ ತಾಗುವ ಬಾಲವನ್ನು ಗೊರಸಿನ ಮೇಲಿನ ಗಿಣ್ಣಿನ ಮಟ್ಟಕ್ಕೆ ಕತ್ತರಿಸಿದರೆ ಹಳದಿಯೂ ಹೋಯಿತು, ಕೆಸರೂ ತಪ್ಪಿತು. ಇಡೀ ಕತ್ತರಿಸಿಬಿಡಬೇಡಿ. ನೊಣ ಓಡಿಸೋಕೆ ಅದಕ್ಕೆ ಬಾಲ ಬೇಕು.

ಎರಡನೆಯದು ನೇರಳೆ ಶಾಂಪೂ. ನೇರಳೆ ಬಣ್ಣ ಹಳದಿಯನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಬಟ್ಟೆಗೆ ನೀಲಿ ಹಾಕುವ ಲೆಕ್ಕವೇ. ಕಲೆ ತೆಗೆಯುವ ಗುಣ ಅದಕ್ಕೆ ಇಲ್ಲ, ಆದ್ದರಿಂದ ಚೆನ್ನಾಗಿ ತೊಳೆದ ಬಾಲಕ್ಕೆ ಮಾತ್ರ ಹಾಕಬೇಕು. ಕೊಳೆ ಮೇಲೆ ಹಾಕಿದರೆ ಪಟ್ಟೆ ಪಟ್ಟೆಯಾಗಿ ಹಿಡಿಯುತ್ತದೆ. ಕತ್ತಿನ ಮೇಲೆ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ಕಾದು, ಚರ್ಮ ಕೆಂಪಾಗದಿದ್ದರೆ ಮುಂದುವರಿಯಿರಿ. ಒದ್ದೆ ಕೂದಲಿಗೆ ಸಮನಾಗಿ ಹಚ್ಚಿ, ಮೂರು ನಿಮಿಷ ಬಿಟ್ಟು, ನೀರು ತಿಳಿಯಾಗುವ ತನಕ ತೊಳೆಯಿರಿ. ಬಟ್ಟೆಯ ನೀಲಿಯನ್ನೇ ಹಾಕುವವರೂ ಇದ್ದಾರೆ. ಬಕೆಟ್ ನೀರಿಗೆ ಒಂದೆರಡು ಹನಿಗಿಂತ ಜಾಸ್ತಿ ಬೇಡ, ಚರ್ಮಕ್ಕೆ ತಾಗದಂತೆ ತುದಿ ಕೂದಲಿಗೆ ಮಾತ್ರ. ನನ್ನ ಓಟು ಶಾಂಪೂಗೇ.

ಹೊಂಬಣ್ಣದ ಕುದುರೆಯ ಕೆನೆ ಬಣ್ಣದ ಜೂಲಿಗೆ ಇದನ್ನು ಹಾಕಲು ಹೋಗಬೇಡಿ. ಆ ಕೆನೆ ಬಣ್ಣ ಅದರ ಸ್ವಂತದ್ದು, ನೇರಳೆ ಹಾಕಿದರೆ ಬೂದಿಯಂತೆ ಸಪ್ಪೆಯಾಗುತ್ತದೆ.

ಲಕ್ಷಣ: ಬಾಲ ನೇರಳೆ ಆಯಿತು

ಜಾಸ್ತಿ ಹೊತ್ತು ಬಿಟ್ಟಿದ್ದೀರಿ, ಅಥವಾ ಕೂದಲು ಬಿರುಸಾಗಿದೆ. ಸಾದಾ ಶಾಂಪೂ ಹಾಕಿ ಎರಡು ಮೂರು ಸಲ ತೊಳೆಯಿರಿ, ದಿನ ಕಳೆದಂತೆ ಇಳಿಯುತ್ತದೆ. ನೇರಳೆ ತೆಗೆಯೋಕೆ ಬ್ಲೀಚ್ ಹುಡುಕಬೇಡಿ.

ಲಕ್ಷಣ: ಕೂದಲು ತುಂಡಾಗುತ್ತಿದೆ, ತುರಿಕೆ, ಹಕ್ಕಳೆ

ಯಾರಾದರೂ ಬಾತ್‌ರೂಮ್ ಬ್ಲೀಚ್ ಹಾಕಿದ್ದಾರಾ ಅಂತ ಮೊದಲು ಕೇಳಿ. ಲಾಯದಲ್ಲಿ ಕೆಲಸಕ್ಕಿರುವ ಹುಡುಗನನ್ನು ಗದರಿಸದೆ ಕೇಳಿದರೆ ನಿಜ ಹೊರಗೆ ಬರುತ್ತದೆ. ಕ್ಲೋರಿನ್ ಬ್ಲೀಚ್ ಕೂದಲನ್ನು ಕರಗಿಸುತ್ತದೆ. ಒದ್ದೆ ಕೂದಲನ್ನು ಎಳೆದರೆ ರಬ್ಬರಿನಂತೆ ಹಿಗ್ಗಿ ತುಂಡಾಗುವುದು ಅದರ ಗುರುತು. ಉಚ್ಚೆ ಹೀರಿದ ಬಾಲಕ್ಕೆ ಬ್ಲೀಚ್ ಹಾಕಿದರೆ ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಎಂಬ ವಿಷದ ಹೊಗೆ ಏಳುತ್ತದೆ. ವಿನೆಗರ್, ನಿಂಬೆ ಜೊತೆ ಸೇರಿದರೆ ಕ್ಲೋರಿನ್ ಅನಿಲ. ಮುಚ್ಚಿದ ಲಾಯದಲ್ಲಿ ಇದು ಕುದುರೆಗೂ ಅಪಾಯ, ನಿಮಗೂ ಅಪಾಯ. ಆಗಲೇ ಹಾಕಿಬಿಟ್ಟಿದ್ದರೆ ಕುದುರೆಯನ್ನು ಬಯಲಿಗೆ ತಂದು ಹದಿನೈದು ನಿಮಿಷ ಬರೀ ನೀರು ಸುರಿಯಿರಿ. ಕಣ್ಣಿಗೆ ಹೋಗಿದ್ದರೆ, ಚರ್ಮ ಕೆಂಪಾಗಿದ್ದರೆ, ಕೆಮ್ಮುತ್ತಿದ್ದರೆ ಡಾಕ್ಟರ್. ವಾಷಿಂಗ್ ಸೋಡ, ಬಟ್ಟೆ ಪೌಡರ್, ಸುಣ್ಣ ಇವೂ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ನಿಲ್ಲಿಸುವ ಉಪಾಯ ಕೇಳೋಕೆ ಸಹಜ ಅನಿಸುತ್ತದೆ, ಆದರೆ ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಮನುಷ್ಯರ ಚರ್ಮವೇ ಸುಟ್ಟಂತಾಗುತ್ತದೆ. ಗುಲಾಬಿ ಚರ್ಮದ ಕುದುರೆಯ ಮೇಲೆ ಪ್ರಯೋಗ ಬೇಡ.

ಬ್ಲೀಚ್ ಅಲ್ಲ ಎಂದಾದರೆ ತುರಿಕೆ ಎಲ್ಲಿದೆ ನೋಡಿ. ಜೂಲಿನ ಬುಡ, ಬಾಲದ ಬುಡ ಎರಡೂ ಕಡೆ ಉಜ್ಜಿ ಬೋಳಾಗಿದ್ದು, ಸಂಜೆ ಹೊತ್ತಲ್ಲಿ ಜೋರಾದರೆ ಸಣ್ಣ ಗುಂಗುರುಗಳ ಕಡಿತದ ಅಲರ್ಜಿ ಇರಬಹುದು. ಸಂಜೆ, ನಸುಕಿನಲ್ಲಿ ಒಳಗೆ ಕಟ್ಟಿ ಫ್ಯಾನ್ ಹಾಕಿದರೆ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಹಕ್ಕಳೆ ಎದ್ದು, ಕಿತ್ತರೆ ಕೂದಲ ಗೊಂಚಲೇ ಪುಟ್ಟ ಬ್ರಷ್ಷಿನಂತೆ ಬಂದರೆ ಅದು ಒದ್ದೆಗೆ ಬರುವ ಚರ್ಮದ ಸೋಂಕು. ಸ್ನಾನ ನಿಲ್ಲಿಸಿ, ಒಣಗಿಸಿ, ತೋರಿಸಿ. ದುಂಡಗೆ ಕೂದಲು ಉದುರಿದ್ದರೆ ಹುಳಕಡ್ಡಿ ಇರಬಹುದು, ಅದು ನಿಮಗೂ ಅಂಟುತ್ತದೆ. ಆ ಕುದುರೆಯ ಬ್ರಷ್ ಬೇರೆ ಇಡಿ. ಮೈಯ ಗುಲಾಬಿ ಚರ್ಮದ ಭಾಗ ಮಾತ್ರ ಕೆಂಪಾಗಿ ಸುಲಿದು, ಕಪ್ಪು ಚರ್ಮದ ಭಾಗ ಚೆನ್ನಾಗಿಯೇ ಇದ್ದರೆ ತಿಂದ ಗಿಡದಿಂದಲೋ ಯಕೃತ್ತಿನ ತೊಂದರೆಯಿಂದಲೋ ಬಿಸಿಲು ಹಾಗೆ ತಾಗಿರಬಹುದು. ನೆರಳಿಗೆ ಕಟ್ಟಿ, ಡಾಕ್ಟರನ್ನು ಕರೆಸಿ.

ನಾಳೆಯೇ ಮೆರವಣಿಗೆ, ಇವತ್ತು ಕಲೆ ಕಂಡಿತು

ಒಂದು ಶಾಂಪೂ ಸ್ನಾನ ಮಾಡಿಸಿ, ಪೂರ್ತಿ ಒಣಗಿಸಿ. ಉಳಿದ ಕಲೆಯ ಮೇಲೆ ಅಡುಗೆಯ ಕಾರ್ನ್‌ಫ್ಲೋರ್ ಮೆಲ್ಲಗೆ ತಟ್ಟಿ, ಬ್ರಷ್‌ನಿಂದ ಹೆಚ್ಚಿನದನ್ನು ಕೊಡವಿ. ಬಯಲಲ್ಲಿ ಮಾಡಿ, ಕುದುರೆಯ ಮೂಗಿನಿಂದ ದೂರ. ರಂಗೋಲಿ ಪುಡಿ, ಸುಣ್ಣದ ಪುಡಿ ಬೇಡ.

ರಾತ್ರಿಗೆ ಬಾಲವನ್ನು ಸಡಿಲವಾಗಿ ಜಡೆ ಹಾಕಿ ಹತ್ತಿ ಬಟ್ಟೆಯ ಚೀಲದಲ್ಲಿ ಸೇರಿಸಿಡಿ. ಚೀಲ ಕಟ್ಟುವುದು ಬಾಲದ ಮೂಳೆ ಮುಗಿದ ಮೇಲಿನ ಬರೀ ಕೂದಲಿಗೆ. ಮೂಳೆ ಇರುವ ಭಾಗಕ್ಕೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಬಾಲವೇ ಕೊಳೆತುಹೋದೀತು. ಒದ್ದೆ ಬಾಲವನ್ನು ಚೀಲಕ್ಕೆ ಹಾಕಬೇಡಿ, ಮತ್ತು ಬೆಳಗ್ಗೆ ಬಿಚ್ಚಲೇಬೇಕು. ಜೂಲಿಗೆ ಹೊಳಪಿನ ಸಿಲಿಕೋನ್ ಸ್ಪ್ರೇ ಹೊಡೆಯುವುದಾದರೆ ಬೆನ್ನ ಮೇಲೆ ಬೀಳದಂತೆ ಟವೆಲ್ ಹೊದಿಸಿ. ಅದು ಬಿದ್ದ ಕಡೆ ಜೀನು ಜಾರುತ್ತದೆ, ಮೇಲೆ ಕೂತ ಮದುಮಗನೂ.